ಹವಳದ ಹಾಜರಿ ಪುಸ್ತಕ

ಮರಳಿನ ಮೇಲೆ ಹರಡಿದ್ದ ಸಾಮಾನು ನೋಡಿದರೆ ಯಾರೋ ಗಾರೆ ಕೆಲಸಕ್ಕೆ ಹೊರಟ ಹಾಗಿತ್ತು. ಸೈಟು ಅಳೆಯುವಂಥ ಐವತ್ತು ಮೀಟರಿನ ಟೇಪು ಎರಡು. ಪಿವಿಸಿ ಪೈಪಿನ ತುಂಡುಗಳನ್ನು ಜೋಡಿಸಿ ಮಾಡಿದ ಒಂದು ಮೀಟರಿನ ಚೌಕ. ಒಂದು ಸುತ್ತಿಗೆ. ದಾರ ಕಟ್ಟಿದ ನಾಲ್ಕು ಪೆನ್ಸಿಲು. ಮಕ್ಕಳ ಸ್ಲೇಟಿನ ಅಳತೆಯ ಬಿಳಿ ಪ್ಲಾಸ್ಟಿಕ್ ಹಲಗೆ. ಸ್ಟೀಲಿನ ಡಬ್ಬಿಯಲ್ಲಿ ಒಗ್ಗರಣೆ ಅವಲಕ್ಕಿ. ಪಕ್ಕದಲ್ಲಿ ಗಾಳಿ ತುಂಬಿದ ಸಿಲಿಂಡರುಗಳು ಇರದಿದ್ದರೆ ಇವರು ಕಡಲ ತಳಕ್ಕೆ ಇಳಿಯುವವರೆಂದು ಯಾರೂ ಹೇಳುತ್ತಿರಲಿಲ್ಲ.

"ಇಷ್ಟೇನಾ?" ಅಂದೆ.

"ಇಷ್ಟೇ ಸರ್. ಪೆನ್ಸಿಲ್ ಮಾತ್ರ ಒಂದೆರಡು ಜಾಸ್ತಿ ಇರಬೇಕು. ಪೆನ್ನು ನೀರೊಳಗೆ ಬರೆಯೋದಿಲ್ಲ."

ಹುಡುಗಿ ಕುಮಟೆಯ ಕಡೆಯವಳು. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಕಡಲು ಸೇರುವ ಜಾಗದ ಹತ್ತಿರವೇ ಇರುವ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರದಲ್ಲಿ ಕಡಲ ಜೀವವಿಜ್ಞಾನ ಓದಿದವಳು. ಈಗ ಹವಳದ ದಿಬ್ಬಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ಜೊತೆಗಿರುವ ಹುಡುಗ ಹರಿಹರದವನು. ಈಜು ಕಲಿತದ್ದು ತುಂಗಭದ್ರೆಯಲ್ಲಿ, ಕಡಲನ್ನು ಮೊದಲು ಕಂಡದ್ದು ಡಿಗ್ರಿ ಮುಗಿದ ಮೇಲೆ. ಅವಳನ್ನು "ಅಕ್ಕ" ಅನ್ನುತ್ತಾನೆ. ಹೆಸರು ಬರೆಯುವುದು ಬೇಡ ಎಂದು ಇಬ್ಬರೂ ಮೊದಲೇ ಹೇಳಿದ್ದರು. "ಬರೆಯೋದಾದ್ರೆ ಹವಳದ ಹೆಸರು ಬರೀರಿ" ಅಂದಿದ್ದಳು ಅವಳು.

ನಾವಿದ್ದದ್ದು ಲಕ್ಷದ್ವೀಪದ ಕಡಮತ್‌ನಲ್ಲಿ. ಉತ್ತರ ದಕ್ಷಿಣವಾಗಿ ಎಂಟೊಂಬತ್ತು ಕಿಲೋಮೀಟರ್ ಚಾಚಿಕೊಂಡ ತೆಂಗಿನ ತೋಟ ಅದು. ಅತಿ ಅಗಲವಾದ ಕಡೆಯಲ್ಲೂ ಈ ದಂಡೆಯಿಂದ ಆ ದಂಡೆಗೆ ಹತ್ತು ನಿಮಿಷದ ನಡಿಗೆ. ನಮಗೆ ಪರದೇಶದಂತೆ ಕಾಣುವ ಈ ಊರು 1956ರ ಅಕ್ಟೋಬರ್ ಕೊನೆಯವರೆಗೂ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಮಿನಿ, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳೂ ಹಾಗೆಯೇ. ಇಲ್ಲಿಯ ತೆಂಗಿನ ನಾರಿನ ಹುರಿ ಮಂಗಳೂರಿಗೆ ಹೋಗುತ್ತಿತ್ತು, ಅಲ್ಲಿಂದ ಅಕ್ಕಿ ಬರುತ್ತಿತ್ತು. ಮಂಗಳೂರಿನ ಹಳೆ ಬಂದರಿನಲ್ಲಿ ಈರುಳ್ಳಿ, ಸಿಮೆಂಟು ಹೇರಿಕೊಂಡ ಮಂಜಿಗಳು ಇವತ್ತಿಗೂ ಈ ದ್ವೀಪಗಳಿಗೆ ಹೊರಡುತ್ತವೆ. ಅವಲಕ್ಕಿಗೆ ಬಿದ್ದ ಈರುಳ್ಳಿಯೂ ಆ ದಾರಿಯಲ್ಲೇ ಬಂದಿರಬೇಕು.

ಮಾರ್ಚ್ ಮೊದಲ ವಾರದ ಬೆಳಗು. ದೋಣಿ ಹೊರಟಿತು. ದೋಣಿ ನಡೆಸುವ ಇಕ್ಕ ಅರವತ್ತು ದಾಟಿದವರು. ಅವರ ಮಾತು ಇಲ್ಲಿಯ ಜೆಸರಿ, ನಮ್ಮದು ಕನ್ನಡ, ನಡುವೆ ಅರೆಬರೆ ಮಲಯಾಳಂ. ಮೊದಲು ಸಿಕ್ಕಿದ್ದು ಲಗೂನ್, ಅಂದರೆ ಹವಳದ ದಿಬ್ಬ ಗೋಡೆಯಂತೆ ಸುತ್ತುಗಟ್ಟಿ ಒಳಗೆ ಹಿಡಿದಿಟ್ಟ ತಿಳಿನೀರು. ಒಂದಾಳು ಆಳದ ನೀರಿನ ತಳದಲ್ಲಿ ನಮ್ಮ ದೋಣಿಯ ನೆರಳು ನಮಗಿಂತ ಸ್ವಲ್ಪ ಮುಂದೆ ಓಡುತ್ತಿತ್ತು. ದೂರದಲ್ಲಿ ಒಂದು ಬಿಳಿ ಗೆರೆ. ಅಲ್ಲಿ ಅರಬ್ಬಿ ಸಮುದ್ರದ ಅಲೆಗಳು ದಿಬ್ಬಕ್ಕೆ ಬಡಿದು ಒಡೆಯುತ್ತವೆ. ಗೆರೆಯ ಆಚೆ ಕಡು ನೀಲಿ, ಈಚೆ ಎಳೆ ಬಾಳೆಯ ಹಸಿರು. ಸಮುದ್ರಕ್ಕಿಂತ ಒಂದೆರಡು ಮೀಟರ್ ಎತ್ತರವಷ್ಟೇ ಇರುವ ಈ ನೆಲಕ್ಕೆ ಆ ಗೆರೆಯೇ ತಡೆಗೋಡೆ.

ಆ ಗೋಡೆ ಕಟ್ಟಿದ್ದು ಹುಳದಷ್ಟು ಚಿಕ್ಕ ಪ್ರಾಣಿ. ನಮ್ಮ ಮನೆಗಳಲ್ಲಿ ಹವಳ ಅಂದರೆ ಕರಿಮಣಿಯ ನಡುವೆ ಪೋಣಿಸಿದ ಕೆಂಪು ಮಣಿ. ಜಾತಕದಲ್ಲಿ ಕುಜ ಕೆಟ್ಟಿದ್ದರೆ ಉಂಗುರದಲ್ಲಿ ಕೂರಿಸುವ ಹರಳು. ಅದು ಬೇರೆ. ಮೆಡಿಟರೇನಿಯನ್ ಸಮುದ್ರದ ಆಳದಿಂದ ತೆಗೆದ ಆ ಹವಳ ಒಳಗಿನಿಂದಲೇ ಕೆಂಪು. ಈ ದಿಬ್ಬ ಕಟ್ಟುವ ಹವಳಕ್ಕೆ ಬಣ್ಣದ ಬಹುಪಾಲು ಬರುವುದು ಅದರ ಮೈಯೊಳಗೆ ಬಾಡಿಗೆಗಿರುವ ಕಣ್ಣಿಗೆ ಕಾಣದ ಪಾಚಿಯಿಂದ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ, ಮನೆಯ ಯಜಮಾನನಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತರವರೆಗೂ ಅದೇ ಬಡಿಸುತ್ತದೆ. ಉಂಡ ಶಕ್ತಿಯಲ್ಲಿ ಹವಳ ಸುಣ್ಣದ ಗೂಡು ಕಟ್ಟುತ್ತದೆ. ಪೊರೈಟಿಸ್ ಎಂಬ ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ಆಳೆತ್ತರದ ಹವಳದ ಗುಂಡು ಕಂಡರೆ ಅದು ನಮ್ಮ ಮುತ್ತಜ್ಜನಿಗಿಂತ ಹಿರಿಯದು ಎಂದು ತಿಳಿಯಬೇಕು.

ದಿಬ್ಬದ ಆಚೆ ದೋಣಿ ನಿಂತಿತು. ಇಬ್ಬರೂ ಬೆನ್ನು ಹಿಂದೆ ಮಾಡಿ ನೀರಿಗೆ ಬಿದ್ದರು. ಸಿಲಿಂಡರ್ ಹೊತ್ತು ಇಳಿಯುವ ತರಬೇತಿ ನನಗಿಲ್ಲ. ಕನ್ನಡಕ, ಉಸಿರುಕೊಳವೆ ಕಟ್ಟಿಕೊಂಡು ನೀರ ಮೇಲೆ ಬೋರಲಾಗಿ ತೇಲಿದೆ. ಎಂಟು ಮೀಟರ್ ಕೆಳಗೆ ಅವರು ಮಾಡುತ್ತಿದ್ದುದೆಲ್ಲ ಮಹಡಿಯಿಂದ ಅಂಗಳ ನೋಡಿದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.

ಮೊದಲು ಕಿವಿಗೆ ಬಿದ್ದದ್ದು ಒಗ್ಗರಣೆಗೆ ಸಾಸಿವೆ ಸಿಡಿದಂಥ ಚಟಪಟ ಸದ್ದು. ಹವಳದ ಸಂದಿಯಲ್ಲಿ ಅವಿತ ಸಿಗಡಿಗಳು ಕೊಂಡಿ ಚಿಟಿಕೆ ಹೊಡೆಯುವ ಸದ್ದಂತೆ ಅದು. ಅದರ ನಡುವೆ ಕರ್ ಕರ್ ಎಂದು ಕೆರೆದ ಸದ್ದು, ಅದು ಗಿಣಿಮೀನಿನದು. ಕೊಕ್ಕಿನಂಥ ಬಾಯಿಯಿಂದ ಸತ್ತ ಹವಳದ ಮೇಲಿನ ಪಾಚಿಯನ್ನು ಸುಣ್ಣದ ಸಮೇತ ಕೆರೆದು ತಿಂದು, ಸುಣ್ಣವನ್ನು ಪುಡಿಯಾಗಿ ಹಿಂದಿನಿಂದ ಬಿಡುತ್ತದೆ. ಬೆಳಿಗ್ಗೆ ನಾವು ಬರಿಗಾಲಿನಲ್ಲಿ ನಡೆದು ಬಂದ ಬೆಳ್ಳನೆ ಮರಳಿನಲ್ಲಿ ಒಳ್ಳೆಯ ಪಾಲು ಇವುಗಳ ಹಿಕ್ಕೆಯದೇ.

ಕೆಳಗೆ ಕೆಲಸ ಶುರುವಾಗಿತ್ತು. ಸತ್ತ ಬಂಡೆಯೊಂದಕ್ಕೆ ಹೊಡೆದ ಕಬ್ಬಿಣದ ಸರಳು ಹುಡುಕುವುದು ಮೊದಲ ಕೆಲಸ. ಹೋದ ವರ್ಷ ಟೇಪು ಕಟ್ಟಿದ್ದು ಅಲ್ಲಿಂದಲೇ. ಸಡಿಲಾಗಿದ್ದ ಸರಳಿಗೆ ಹುಡುಗ ಸುತ್ತಿಗೆಯ ಎರಡು ಪೆಟ್ಟು ಹಾಕಿದ. ಆಮೇಲೆ ಮೀನೆಣಿಕೆ. ಸದ್ದಿಗೆ ಬೆದರಿದ ಮೀನು ಮತ್ತೆ ಸೇರಲಿ ಎಂದು ಇಬ್ಬರೂ ಅಲ್ಲಾಡದೆ ಕಾದರು. ಐವತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಪಟ್ಟಿಯೊಳಗೆ ಕಂಡ ಚಿಟ್ಟೆಮೀನೆಷ್ಟು, ಗಿಣಿಮೀನೆಷ್ಟು, ಮುರುಮೀನೆಷ್ಟು, ಒಂದೊಂದೂ ಎಷ್ಟು ಉದ್ದ, ಎಲ್ಲ ಬರೆಯಬೇಕು. ನೀರೊಳಗೆ ಕನ್ನಡಕದ ಹಿಂದಿನ ಕಣ್ಣಿಗೆ ಪ್ರತಿಯೊಂದೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ಮೂವತ್ತು ಸೆಂಟಿಮೀಟರಿನ ಮೀನು ನಲವತ್ತರಂತೆ ತೋರುತ್ತದೆ. ಹೊಸಬರಿಗೆ ಪೈಪಿನ ತುಂಡುಗಳನ್ನು ನೀರಿಗಿಳಿಸಿ ತೋರಿಸಿ ಅಳತೆ ಹೇಳಿಸುತ್ತಾರೆ, ಕಣ್ಣು ಪಳಗುವ ತನಕ. ಮೀನಿನ ಗಾತ್ರ ಉಬ್ಬಿಸಿ ಹೇಳುವ ಚಾಳಿಯನ್ನು ಈ ವೃತ್ತಿ ಮೊದಲ ತಿಂಗಳಲ್ಲೇ ಬಿಡಿಸುತ್ತದೆ.

ಮೀನು ಮುಗಿದ ಮೇಲೆ ನೆಲದ ಸರದಿ. ಟೇಪಿನ ಪ್ರತಿ ಅರ್ಧ ಮೀಟರಿನ ಗುರುತಿನ ಕೆಳಗೆ ಏನಿದೆ? ಮರಳೋ, ಪಾಚಿಯೋ, ಜೀವಂತ ಹವಳವೋ, ಸತ್ತದ್ದೋ? ಐವತ್ತು ಮೀಟರಿಗೆ ನೂರು ಚುಕ್ಕೆ. ನೂರರಲ್ಲಿ ಎಷ್ಟಕ್ಕೆ ಜೀವಂತ ಹವಳ ಸಿಕ್ಕಿತೋ ಅದೇ ಆ ಜಾಗದ ಶೇಕಡಾ ಲೆಕ್ಕ. ಅವಳು ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡು, ಎಲ್ಲಿಯೂ ಕೈ ತಾಗಿಸದೆ, ಚುಕ್ಕೆಯಿಂದ ಚುಕ್ಕೆಗೆ ತೇಲುತ್ತಿದ್ದಳು. ಒಂದು ಗುಂಡು ಹವಳದ ಮುಂದೆ ಬಹಳ ಹೊತ್ತು ನಿಂತಳು. ಅದರ ಅರ್ಧ ಮೈ ಜೇನಿನ ಬಣ್ಣ, ಉಳಿದರ್ಧ ಬೂದು, ಬೂದಿನ ಮೇಲೆ ತೆಳುವಾದ ಹಸಿರು ತುಪ್ಪಳ. ಸತ್ತ ಭಾಗಕ್ಕೂ ಬದುಕಿದ ಭಾಗಕ್ಕೂ ನಡುವಿನ ಗಡಿ, ಒದ್ದೆಯಾದ ಗೋಡೆಯ ತೇವದ ಗೆರೆಯಂತೆ, ನೇರವಾಗಿರಲಿಲ್ಲ. ಅವಳು ಚೌಕವನ್ನು ಮೇಲಿಟ್ಟು ಫೋಟೊ ತೆಗೆದಳು, ಹಲಗೆಯ ಮೇಲೆ ಏನೋ ಬರೆದಳು, ಮುಂದಿನ ಚುಕ್ಕೆಗೆ ಹೋದಳು.

ಮೇಲೆ ಬರುವಾಗ ಐದು ಮೀಟರ್ ಆಳದಲ್ಲಿ ಮೂರು ನಿಮಿಷ ಸುಮ್ಮನೆ ನಿಲ್ಲಬೇಕು. ರಕ್ತದಲ್ಲಿ ಕರಗಿದ ಸಾರಜನಕ ನಿಧಾನಕ್ಕೆ ಹೊರಬರಲು ಈ ಬಿಡುವು. ಇಕ್ಕ ಗಡಿಯಾರ ನೋಡುತ್ತ, ಗಾಳಿಗುಳ್ಳೆ ಏಳುವ ಜಾಗ ಬಿಟ್ಟು ಕಣ್ಣು ಕದಲಿಸಲಿಲ್ಲ. ಟ್ಯೂನಾ ಹಿಡಿಯುವ ದೋಣಿಯಲ್ಲಿ ಇಡೀ ಆಯುಷ್ಯ ಕಳೆದವರು ಅವರು. ಇಲ್ಲಿ ಬಲೆ ಬೀಸಿ ಟ್ಯೂನಾ ಬಳಿಯುವುದಿಲ್ಲ. ಲಗೂನಿನ ಸಣ್ಣ ಮೀನನ್ನು ಜೀವಂತ ಎರಚಿ, ಮುತ್ತಿದ ಟ್ಯೂನಾವನ್ನು ಗಳುವಿನ ಗಾಳದಿಂದ ಒಂದೊಂದಾಗಿ ಎತ್ತುತ್ತಾರೆ. ಆ ಸಣ್ಣ ಮೀನು ಹುಟ್ಟಿ ಬೆಳೆಯುವುದು ಹವಳದ ಆಸರೆಯಲ್ಲಿ. ದಿಬ್ಬ ಸತ್ತರೆ ಒಲೆಯೂ ಆರುತ್ತದೆ ಎಂಬುದನ್ನು ಅವರಿಗೆ ಯಾವ ಪಿಎಚ್.ಡಿ.ಯೂ ಹೇಳಿಕೊಡಬೇಕಾಗಿಲ್ಲ.

ಸಂಜೆ ಬಾಡಿಗೆ ಮನೆಯ ಜಗಲಿಯಲ್ಲಿ ನಿಜವಾದ ಕೆಲಸ. ಹುಡುಗ ಲ್ಯಾಪ್‌ಟಾಪ್ ತೆರೆದು ಕುಳಿತ. ಅವಳು ಹಲಗೆ ಹಿಡಿದಳು.

"ಅರ್ಧ ಮೀಟರ್?"

"ಮರಳು."

"ಒಂದು?"

"ಸತ್ತಿದೆ."

"ಒಂದೂವರೆ?"

"ಸತ್ತಿದೆ."

"ಎರಡು?"

"ಪೊರೈಟಿಸ್. ಅರ್ಧ ಜೀವ ಇದೆ."

"ಅಕ್ಕ, ಅರ್ಧ ಅಂತ ಹಾಕೋಕೆ ಬರಲ್ಲ. ಚುಕ್ಕೆ ಯಾವ ಕಡೆ ಬಿತ್ತು ಹೇಳು."

ಅವಳು ಫೋಟೊ ನೋಡಿದಳು. "ಜೀವದ ಕಡೆ."

ಶಾಲೆಯಲ್ಲಿ ಮೇಷ್ಟ್ರು ಹಾಜರಿ ಕರೆಯುತ್ತಿದ್ದುದು ನೆನಪಾಯಿತು. ಗೈರಾದವನ ಹೆಸರು ಬಂದಾಗಲೂ ಮೇಷ್ಟ್ರು ಅದೇ ದನಿಯಲ್ಲಿ ಮುಂದಕ್ಕೆ ಹೋಗುತ್ತಿದ್ದರು.

ಕಡಲು ಬೇಸಿಗೆಯ ವಾಡಿಕೆಯ ಗರಿಷ್ಠ ಶಾಖಕ್ಕಿಂತ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ತನ್ನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಸುಣ್ಣದ ಬಿಳುಪು ಕಾಣುತ್ತದೆ. ಬಿಳಿಚಿದ್ದೆಲ್ಲ ಸತ್ತಿಲ್ಲ, ಉಪವಾಸ ಬಿದ್ದಿದೆ. ನೀರು ಬೇಗ ತಣಿದರೆ ಚೇತರಿಸಿಕೊಳ್ಳುತ್ತದೆ, ಇಲ್ಲವಾದರೆ ಸಾಯುತ್ತದೆ. ಲಕ್ಷದ್ವೀಪ ಇದನ್ನು 1998, 2010, 2016ರಲ್ಲಿ ಕಂಡಿತು, 2024ರ ಬೇಸಿಗೆಯಲ್ಲಿ ಮತ್ತೆ ಕಂಡಿತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು 1998ರಿಂದಲೂ ಇಲ್ಲಿ ಮುಳುಗಿ ಎಣಿಸುತ್ತ ಬಂದಿದ್ದಾರೆ. ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳಲ್ಲಿ ಆಗ ಸುಮಾರು ಶೇ 37ರಷ್ಟು ನೆಲಕ್ಕೆ ಜೀವಂತ ಹವಳದ ಹೊದಿಕೆಯಿತ್ತು. 2022ಕ್ಕೆ ಅದು ಸುಮಾರು ಶೇ 19. ಈ ಎರಡು ಅಂಕಿಗಳ ಬೆನ್ನಿಗೆ 24 ವರ್ಷಗಳ ಎಣಿಕೆ ಇದೆ, ಇಂಥದೇ ಜಗಲಿಗಳಲ್ಲಿ ಕೂಗಿದ ಸಾವಿರಾರು ಚುಕ್ಕೆಗಳಿವೆ. ಅದಕ್ಕೂ ಹಿಂದೆ ಹೋದರೆ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿ.ಎಸ್. ಗೋಪಿನಾಥ ಪಿಳ್ಳೈ ಜಾತಿ ಜಾತಿಯಾಗಿ ಗುರುತಿಸಿದ ಹವಳಗಳ ಪಟ್ಟಿ ಇದೆ. ಇನ್ನೂ ಹಿಂದೆ, 1899–1900ರಲ್ಲಿ ಕೇಂಬ್ರಿಜ್‌ನ ಸ್ಟ್ಯಾನ್ಲಿ ಗಾರ್ಡಿನರ್ ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳಲ್ಲಿ ಮಾಡಿದ ಸಮೀಕ್ಷೆ ಇದೆ. ಯಾರೋ ಬರೆದಿಟ್ಟರು ಎಂದು ತಾನೆ ಕಳೆದದ್ದು ಎಷ್ಟೆಂದು ನಮಗೆ ಗೊತ್ತಾಗುವುದು?

"ಮನೆಯಲ್ಲಿ ಏನಂತಾರೆ?" ಎಂದು ಕೇಳಿದೆ.

"ಅಮ್ಮ ಈಗಲೂ ಫೋನಲ್ಲಿ ಕೇಳ್ತಾಳೆ, ಮೀನು ಎಣಿಸಿದ್ದಕ್ಕೆ ಸಂಬಳ ಕೊಡ್ತಾರೇನೇ ಅಂತ." ಇಬ್ಬರೂ ನಕ್ಕರು.

ಕೊಡುತ್ತಾರೆ, ಹೆಚ್ಚೇನಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಸಿಕ್ಕಿದರೆ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಸಿಗದವರು ಯೋಜನೆಯಿಂದ ಯೋಜನೆಗೆ ಜಿಗಿಯಬೇಕು. ನೀರೊಳಗೆ ಕಳೆದ ಒಂದು ಗಂಟೆಗೆ ಮೇಜಿನ ಮುಂದೆ ಹಲವು ಗಂಟೆ. ಅದರಲ್ಲಿ ಸಂಖ್ಯಾಶಾಸ್ತ್ರವೇ ಹೆಚ್ಚು. ಹರಿಹರದ ಹುಡುಗ ಈ ಕೆಲಸಕ್ಕೆ ಬಂದದ್ದು ಆ ಬಾಗಿಲಿನಿಂದಲೇ, ಡೈವಿಂಗ್ ಆಮೇಲೆ ಕಲಿತ. ಅರ್ಜಿ, ಅನುಮತಿಗಳದು ಇನ್ನೊಂದು ಕಥೆ. ದ್ವೀಪಕ್ಕೆ ಕಾಲಿಡಲು ಪರವಾನಗಿ ಬೇಕು. ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ವನ್ಯಜೀವಿ ರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು, ಹುಲಿ ಇರುವ ಪಟ್ಟಿ ಅದು. ಉಗುರಿನಷ್ಟು ಮಾದರಿ ಬೇಕೆಂದರೂ ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಮಳೆಗಾಲ ಹಿಡಿದರೆ ದೋಣಿಯೇ ಹೊರಡುವುದಿಲ್ಲ.

"ಬೇಜಾರಾಗಲ್ವಾ? ಕಣ್ಣೆದುರೇ ಸಾಯೋದನ್ನ ಬರೀತಾ ಇರೋದು?"

ಅವಳು ಸ್ವಲ್ಪ ಹೊತ್ತು ಹಲಗೆಯನ್ನು ಮರಳಿನಿಂದ ಉಜ್ಜಿದಳು. ಪೆನ್ಸಿಲ್ ಗುರುತು ಹೋಗುವುದು ಹಾಗೆಯೇ. "ಆಗ್ತದೆ ಸರ್. ಆದರೆ ಎಲ್ಲ ಕಡೆ ಒಂದೇ ಥರ ಸಾಯೋದಿಲ್ಲ. ಒಂದು ಜಾಗದಲ್ಲಿ ಬೇಗ ಚೇತರಿಸ್ಕೊಳ್ತದೆ, ಪಕ್ಕದಲ್ಲೇ ಇನ್ನೊಂದು ಕಡೆ ಇಲ್ಲ. ಯಾಕೆ ಅಂತ ತಿಳಿದ್ರೆ ಉಳಿಸ್ಬೇಕಾದ ಜಾಗ ಯಾವ್ದು ಅಂತಾದ್ರೂ ಹೇಳ್ಬಹುದಲ್ಲ? ಅದಕ್ಕೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರ್ಬೇಕು."

ಹವಳದ ವಿಜ್ಞಾನ ಎಂದರೆ ಬಣ್ಣದ ಮೀನುಗಳ ನಡುವೆ ತೇಲುವ ಸುಖ ಎಂದುಕೊಂಡು ಬರುವವರು ಒಂದು ಋತುವಿನಲ್ಲೇ ಹಿಂದಿರುಗುತ್ತಾರೆ. ಹೋದ ವರ್ಷದ ಸರಳನ್ನೇ ಈ ವರ್ಷವೂ ಹುಡುಕುವ ತಾಳ್ಮೆ ಇದ್ದವರು ಉಳಿಯುತ್ತಾರೆ. ಆ ತಾಳ್ಮೆಗೆ ಕರಾವಳಿಯಲ್ಲೇ ಹುಟ್ಟಬೇಕೆಂದಿಲ್ಲ.

ನಿಮ್ಮ ಮನೆಯಲ್ಲಿ ಇರುವೆ ಸಾಲಿನ ಮುಂದೆ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುವ ಮಗು ಇದ್ದರೆ ಈ ದಾರಿಯೂ ಒಂದಿದೆ ಎಂದು ಹೇಳಿ. ಕಾರವಾರದ ಕೋಡಿಬಾಗವಿದೆ, 1969ರಿಂದ ನಡೆಯುತ್ತಿರುವ ಮಂಗಳೂರಿನ ಮೀನುಗಾರಿಕೆ ಕಾಲೇಜಿದೆ, ಹೊರಗೆ ಹೋಗುವುದಾದರೆ ಕೊಚ್ಚಿ ಇದೆ, ತಮಿಳುನಾಡಿನ ಪರಂಗಿಪೇಟೆ ಇದೆ, ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆ. ಅಷ್ಟು ದೂರ ಬೇಡವೆಂದರೆ ಮುರುಡೇಶ್ವರದಿಂದ ದೋಣಿಯಲ್ಲಿ ಒಂದೆರಡು ಗಂಟೆ ಹೋದರೆ ಸಿಗುವ ನೇತ್ರಾಣಿಯ ಸುತ್ತ ನಮ್ಮದೇ ಹವಳಗಳಿವೆ. ಅವುಗಳ ಹಾಜರಿಯನ್ನೂ ಯಾರಾದರೂ ವರ್ಷ ವರ್ಷವೂ ಕೂಗಬೇಕು. ಈಜು ಬಾರದಿದ್ದರೆ ಚಿಂತೆ ಬೇಡ, ಅದನ್ನು ಕಲಿಸುತ್ತಾರೆ. ಪೆನ್ಸಿಲ್ ಮಾತ್ರ ಒಂದೆರಡು ಜಾಸ್ತಿ ಇಟ್ಟು ಕಳಿಸಿ.