ರಕ್ತ ಹೀರುವವನ ಮೇಲೆ ಯಾಕಿಷ್ಟು ಪ್ರೀತಿ?

ವ್ಯಾಂಪೈರ್ ಪ್ರೇಮಕಥೆಗಳ ಸೆಳೆತ ಅರ್ಥವಾಗಲು ಟ್ರಾನ್ಸಿಲ್ವೇನಿಯಾಕ್ಕೆ ಹೋಗಬೇಕಿಲ್ಲ, ಉಡುತಡಿ ಮತ್ತು ಚಂದ್ರಗುತ್ತಿಯ ದಾರಿ ಹಿಡಿದರೂ ಸಾಕು

ವ್ಯಾಂಪೈರ್, ದೆವ್ವ, ಶಾಪಗ್ರಸ್ತ ರಾಜಕುಮಾರ, ಹೀಗೆ ಮನುಷ್ಯನಲ್ಲದವನ ಜೊತೆಗಿನ ಪ್ರೇಮಕಥೆ ಓದುವವರ ಬಗ್ಗೆ ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ಒಂದು, ‘ಹದಿಹರೆಯದ ಹುಡುಗಿಯರ ಹುಚ್ಚು ಬಿಡಿ, ಸ್ವಲ್ಪ ದಿನ ಇರುತ್ತೆ, ಹೋಗುತ್ತೆ’. ಇನ್ನೊಂದು, ‘ಅದೆಲ್ಲ ಫಾರಿನ್ ಸರಕು, ನಮ್ಮ ಸಂಸ್ಕೃತಿಯದ್ದಲ್ಲ’. ಮೊದಲನೆಯದನ್ನು ಪ್ರಗತಿಪರರೂ ನಗುತ್ತಾ ಹೇಳ್ತಾರೆ. ಎರಡನೆಯದನ್ನು ಸಂಸ್ಕೃತಿ ಕಾಯುವ ಗುತ್ತಿಗೆ ಹಿಡಿದವರು ಹೇಳ್ತಾರೆ. ಎರಡೂ ತಪ್ಪು.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ಅಂದ ತಕ್ಷಣ ರಾಜಕೀಯ ಗಮನಿಸುವವರಿಗೆ ಯಡಿಯೂರಪ್ಪ, ಬಂಗಾರಪ್ಪ ನೆನಪಾಗ್ತಾರೆ. ಅಕ್ಕಪಕ್ಕದ ಈ ಎರಡು ತಾಲೂಕುಗಳು ಎರಡು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಆದರೆ ಹೆಣ್ಣಿನ ಆಸೆ ಮನುಷ್ಯಲೋಕದ ಗಡಿ ದಾಟಿದರೆ ಏನಾಗುತ್ತೆ ಅನ್ನೋ ಪ್ರಶ್ನೆಗೆ ಎರಡು ದೊಡ್ಡ ಉತ್ತರಗಳೂ ಇದೇ ನೆಲದಲ್ಲಿವೆ. ಒಂದು ಶಿಕಾರಿಪುರ ತಾಲೂಕಿನ ಉಡುತಡಿಯ ಅಕ್ಕಮಹಾದೇವಿ. ಇನ್ನೊಂದು ಸೊರಬ ತಾಲೂಕಿನ ಚಂದ್ರಗುತ್ತಿಯ ರೇಣುಕಾಂಬೆ. ಅಲ್ಲಿಗೆ ಹೋಗುವ ಮುಂಚೆ ವ್ಯಾಂಪೈರಿನ ಜಾತಕ ಸ್ವಲ್ಪ ನೋಡೋಣ.

ಜಮೀನ್ದಾರ ಪ್ರೇಮಿಯಾದ ಕಥೆ

ಪೂರ್ವ ಯುರೋಪಿನ ಜನಪದದಲ್ಲಿ ವ್ಯಾಂಪೈರ್ ಚೆಲುವನೇನೂ ಆಗಿರಲಿಲ್ಲ. ಗೋರಿಯಿಂದ ಎದ್ದು ಬರುವ, ಊದಿಕೊಂಡ ಹೆಣ ಅದು. ಅದಕ್ಕೆ ಕೋಟು ತೊಡಿಸಿ ಶ್ರೀಮಂತನನ್ನಾಗಿ ಮಾಡಿದ್ದು 1819ರಲ್ಲಿ ಬಂದ ಜಾನ್ ಪಾಲಿಡೋರಿಯ ‘ದಿ ವ್ಯಾಂಪೈರ್’. 1872ರಲ್ಲಿ ಶೆರಿಡನ್ ಲೆ ಫಾನು ಬರೆದ ‘ಕಾರ್ಮಿಲ್ಲಾ’ದಲ್ಲಿ ಹೆಣ್ಣು ವ್ಯಾಂಪೈರ್ ಇನ್ನೊಬ್ಬ ಹುಡುಗಿಗೆ ಮನಸೋಲುತ್ತಾಳೆ. 1897ರಲ್ಲಿ ಬ್ರಾಮ್ ಸ್ಟೋಕರನ ‘ಡ್ರಾಕುಲಾ’ ಬಂತು. ಆ ಕಾದಂಬರಿ ಶುರುವಾಗೋದೇ ಆಸ್ತಿ ವ್ಯವಹಾರದಿಂದ ಅನ್ನೋದನ್ನು ಗಮನಿಸಿ. ಕೋಟೆಯಲ್ಲಿ ಕೂತ ಒಬ್ಬ ದೊರೆ ಇಂಗ್ಲೆಂಡಿನಲ್ಲಿ ಮನೆ ಕೊಳ್ಳಬೇಕು, ಅದರ ಕಾಗದಪತ್ರ ಮಾಡಲು ಒಬ್ಬ ಯುವ ವಕೀಲ ಹೋಗ್ತಾನೆ.

ಅಂದ್ರೆ ವ್ಯಾಂಪೈರ್ ಮೂಲತಃ ದುಡಿಯದೆ ಬದುಕುವ ಒಡೆಯ. ಡ್ರಾಕುಲಾ ಹುಟ್ಟುವುದಕ್ಕೆ ಮೂವತ್ತು ವರ್ಷ ಮೊದಲೇ, 1867ರ ‘ಬಂಡವಾಳ’ ಕೃತಿಯಲ್ಲಿ ಕಾರ್ಲ್ ಮಾರ್ಕ್ಸ್ ಬಂಡವಾಳವನ್ನು ವ್ಯಾಂಪೈರಿಗೆ ಹೋಲಿಸಿದ್ದ. ಅದು ಸತ್ತ ಶ್ರಮ, ಬದುಕಿರುವವರ ಶ್ರಮ ಹೀರಿಯೇ ಅದು ಉಸಿರಾಡುತ್ತೆ ಅನ್ನೋದು ಅವನ ವಾದ. ನಮ್ಮ ಕಡೆಯೂ ‘ರಕ್ತ ಹೀರ್ತಾರೆ’ ಅನ್ನೋ ಮಾತಿಗೆ ಅರ್ಥ ವಿವರಿಸಬೇಕಾಗಿಲ್ಲ. ಸೊರಬಕ್ಕೆ ಹೊಂದಿಕೊಂಡ ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ದೀವರ ಗೇಣಿದಾರರು ಎದ್ದು ನಿಂತಾಗ ಜಗಳದ ಕೇಂದ್ರದಲ್ಲಿ ಇದ್ದದ್ದು ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗ ದೊಡ್ಡದು, ರೈತರ ಪಾಲು ಸಣ್ಣದು.

ಹಾಗಾದ್ರೆ ಈ ರಕ್ತ ಹೀರುವ ಒಡೆಯ ಕನಸಿನ ಹುಡುಗ ಆಗಿದ್ದು ಹೇಗೆ? ಎರಡು ತಿರುವುಗಳಲ್ಲಿ. 1976ರಲ್ಲಿ ಆ್ಯನ್ ರೈಸ್ ‘ಇಂಟರ್‌ವ್ಯೂ ವಿತ್ ದ ವ್ಯಾಂಪೈರ್’ನಲ್ಲಿ ವ್ಯಾಂಪೈರಿನ ಬಾಯಿಂದಲೇ ಅವನ ಕಥೆ ಹೇಳಿಸಿದರು. ಅವನಿಗೂ ಒಂಟಿತನ ಇದೆ, ಪಶ್ಚಾತ್ತಾಪ ಇದೆ ಅಂತ ಗೊತ್ತಾಯಿತು. 2005ರಲ್ಲಿ ಸ್ಟೆಫನಿ ಮೇಯರ್ ‘ಟ್ವೈಲೈಟ್’ನಲ್ಲಿ ಅವನನ್ನು ಹೈಸ್ಕೂಲಿಗೇ ಸೇರಿಸಿದರು. ಬೆಲ್ಲಾಳಿಗೆ ಹದಿನೇಳು ವರ್ಷ. ಎಡ್ವರ್ಡ್‌ಗೂ ನೋಡೋಕೆ ಹದಿನೇಳು, ಆದರೆ ಹುಟ್ಟಿದ್ದು 1901ರಲ್ಲಿ. ಆ ಸರಣಿ ಹತ್ತು ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಅದರ ಅಭಿಮಾನಿಗಳು ಬರೆದ ಕಥೆಗಳಿಂದ ಹೊಸ ಪ್ರಕಾರವೇ ಬೆಳೆಯಿತು, ‘ಫಿಫ್ಟಿ ಶೇಡ್ಸ್’ ಕೂಡ ಮೊದಲು ಅಂಥ ಒಂದು ಕಥೆಯೇ. ಇವತ್ತು ವಾಟ್‌ಪ್ಯಾಡ್‌ನಲ್ಲಿ, ಪ್ರತಿಲಿಪಿಯಲ್ಲಿ ಪ್ರೇಮ, ಹಾರರ್ ಎರಡನ್ನೂ ಕಲಸಿದ ಧಾರಾವಾಹಿಗಳು ಕಂತು ಕಂತಾಗಿ ಬರ್ತಾವೆ, ಕನ್ನಡದಲ್ಲೂ.

ಓದುಗಳಿಗೆ ಸಿಗೋದೇನು?

1984ರಲ್ಲಿ ಅಮೆರಿಕದ ವಿದ್ವಾಂಸೆ ಜಾನಿಸ್ ರ‍್ಯಾಡ್‌ವೇ ‘ರೀಡಿಂಗ್ ದ ರೊಮಾನ್ಸ್’ ಅನ್ನೋ ಪುಸ್ತಕ ಪ್ರಕಟಿಸಿದರು. ಪ್ರೇಮ ಕಾದಂಬರಿ ಓದುವ ಗೃಹಿಣಿಯರ ಜೊತೆ ಮಾತಾಡಿ ಬರೆದ ಪುಸ್ತಕ ಅದು. ಅವರು ಕಂಡುಕೊಂಡ ಮುಖ್ಯ ಸಂಗತಿ ಕಥೆಯ ಒಳಗಿಗಿಂತ ಹೊರಗೇ ಇತ್ತು: ಓದುವ ಆ ಒಂದು ಗಂಟೆ ‘ಇದು ನನ್ನ ಸಮಯ, ಈಗ ಯಾರಿಗೂ ನಾನು ಅಡುಗೆ ಬಡಿಸಲ್ಲ’ ಎಂಬ ಘೋಷಣೆಯಾಗಿತ್ತು. ದಿನವಿಡೀ ಎಲ್ಲರ ಆರೈಕೆ ಮಾಡುವವಳನ್ನು ಆರೈಕೆ ಮಾಡುವವರು ಯಾರೂ ಇರಲ್ಲ. ಪುಸ್ತಕದ ನಾಯಕ ಆ ಕೆಲಸ ಮಾಡ್ತಾನೆ.

ಈ ಮಾತನ್ನು ವ್ಯಾಂಪೈರ್ ಕಥೆಗೆ ಹಚ್ಚಿ ನೋಡಿ. ಅವನಿಗೆ ನಿದ್ದೆ ಬೇಡ, ಕೆಲಸಕ್ಕೆ ಹೋಗಬೇಕಿಲ್ಲ, ಅಮ್ಮನ ಮಾತು ಕೇಳಬೇಕಿಲ್ಲ. ನೂರು ವರ್ಷ ಕಾದವನ ಪೂರ್ತಿ ಗಮನ ಒಬ್ಬಳ ಮೇಲೆ. ಒಂದು ಮೆಸೇಜಿಗೆ ಉತ್ತರ ಬರಲು ಮೂರು ದಿನ ಕಾಯುವ ಓದುಗಳಿಗೆ ಇದು ಸಣ್ಣ ವಿಷಯ ಅಲ್ಲ.

ಎರಡನೆಯದು ಭಯ. ಹೆಣ್ಣುಮಕ್ಕಳಿಗೆ ಗಂಡಸು ಅಪಾಯಕಾರಿ ಆಗಿರಬಹುದು ಅನ್ನೋದು ಕಲ್ಪನೆ ಅಲ್ಲ. ಬಸ್ಸಿನಲ್ಲಿ, ಹಾಸ್ಟೆಲ್ ದಾರಿಯಲ್ಲಿ, ಎಷ್ಟೋ ಸಲ ಮನೆಯಲ್ಲೇ ಅದು ಗೊತ್ತಾಗಿರುತ್ತೆ. ನಿಜಜೀವನದ ಗಂಡಸು ‘ನಾನು ಅಂಥವನಲ್ಲ’ ಅಂತ ಹೇಳಿಕೊಂಡೇ ಬರ್ತಾನೆ. ಕಥೆಯ ವ್ಯಾಂಪೈರ್ ಮೊದಲೇ ‘ನಾನು ನಿನ್ನನ್ನು ಕೊಲ್ಲಬಲ್ಲೆ’ ಅಂತ ಒಪ್ಪಿಕೊಂಡು, ಆಮೇಲೆ ತಡೆದುಕೊಳ್ತಾನೆ. ಶಕ್ತಿ ಇದ್ದೂ ಬಳಸದವನು ಅಂದ್ರೆ ಎಷ್ಟು ಅಪರೂಪ ಅನ್ನೋದನ್ನು ಈ ಕಥೆಗಳ ಜನಪ್ರಿಯತೆಯೇ ಹೇಳುತ್ತೆ.

ಮೂರನೆಯದು ಅನುಮತಿ. ಮನುಷ್ಯನಲ್ಲದವನು ಬಂದಾಗ ಆಸೆಯ ಹೊಣೆ ಅವಳ ಮೇಲೆ ಬೀಳಲ್ಲ. ‘ನಾನೇನೂ ಮಾಡಲಿಲ್ಲ, ಅದು ಮಾಯೆ’ ಅನ್ನಬಹುದು. ಆಸೆಪಟ್ಟರೆ ಶಿಕ್ಷೆ ಇರುವ ಸಮಾಜದಲ್ಲಿ ಈ ನೆಪ ತುಂಬಾ ಬೆಲೆಬಾಳುತ್ತೆ. ನಮ್ಮ ಕಥೆಗಳು ಇಲ್ಲೇ ಒಳಗೆ ಬರ್ತಾವೆ.

ಒಂದು ಕ್ಷಣದ ನೋಟಕ್ಕೆ ತಲೆದಂಡ

ರೇಣುಕೆಯ ಕಥೆ ಎಲ್ಲರಿಗೂ ಗೊತ್ತು. ಪಾತಿವ್ರತ್ಯದ ಬಲದಿಂದ ಹಸಿ ಮಣ್ಣಿನ ಕೊಡದಲ್ಲಿ ನೀರು ತರ್ತಿದ್ದವಳು. ಒಂದು ದಿನ ನೀರಿನಲ್ಲಿ ಆಡ್ತಿದ್ದ ಗಂಧರ್ವನನ್ನು ಕಂಡು ಕ್ಷಣಕಾಲ ಮನಸ್ಸು ಚಂಚಲವಾಯಿತು. ಮುಟ್ಟಲಿಲ್ಲ, ಮಾತಾಡಲಿಲ್ಲ, ನೋಡಿದಳು ಅಷ್ಟೇ. ಕೊಡ ಕರಗಿತು. ಜಮದಗ್ನಿಯ ಆಜ್ಞೆಯಂತೆ ಮಗ ಪರಶುರಾಮನೇ ತಾಯಿಯ ತಲೆ ಕಡಿದ, ಆಮೇಲೆ ವರ ಕೇಳಿ ಬದುಕಿಸಿದ. ಗಂಧರ್ವನಿಗೆ ಏನೂ ಆಗಲಿಲ್ಲ.

ಇದು ಪ್ಯಾರಾನಾರ್ಮಲ್ ರೊಮಾನ್ಸಿನ ಮೊದಲ ಅಧ್ಯಾಯವೇ. ಅಲೌಕಿಕ ಚೆಲುವ, ಅವನ ಮೇಲೆ ಹೆಣ್ಣಿನ ಕಣ್ಣು. ಎರಡನೇ ಅಧ್ಯಾಯಕ್ಕೆ ಹೋಗಲು ಮಾತ್ರ ಅವಳನ್ನು ಬಿಡಲಿಲ್ಲ.

ಆ ರೇಣುಕೆ ಚಂದ್ರಗುತ್ತಿಯ ಗುಹೆಯಲ್ಲಿ ದೇವಿಯಾಗಿ ನಿಂತಿದ್ದಾಳೆ. ಅವಳಿಗೆ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲಾಗಿ ಬೆಟ್ಟ ಹತ್ತುವ ಬೆತ್ತಲೆ ಸೇವೆ ಅಲ್ಲಿ ನಡೆಯುತ್ತಿತ್ತು. ಹರಕೆ ತೀರಿಸುತ್ತಿದ್ದವರಲ್ಲಿ ಬಹುಪಾಲು ಬಡ, ತಳಸಮುದಾಯದ ಜನ. 1986ರ ಮಾರ್ಚ್‌ನಲ್ಲಿ ದಲಿತ ಸಂಘರ್ಷ ಸಮಿತಿಯವರು ಮತ್ತಿತರ ಕಾರ್ಯಕರ್ತರು ತಡೆಯಲು ಹೋದಾಗ ಗುಂಪು ಅವರ ಮೇಲೆ, ಪೊಲೀಸರ ಮೇಲೆ ತಿರುಗಿಬಿತ್ತು. ಮಹಿಳಾ ಪೊಲೀಸರನ್ನೂ ಬಿಡದೆ ಬಟ್ಟೆ ಕಿತ್ತು ಬೆತ್ತಲೆ ಮೆರವಣಿಗೆ ಮಾಡಲಾಯಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ನೋಡಿದ ತಪ್ಪಿಗೆ ತಲೆ ಕಳೆದುಕೊಂಡವಳ ಹೆಸರಲ್ಲೇ ಹೆಣ್ಣಿನ ಮೈ ಎಲ್ಲರ ನೋಟಕ್ಕೆ ಬಿತ್ತು. ಯಾರು ನೋಡಬಹುದು, ಯಾರು ನೋಡಿಸಿಕೊಳ್ಳಬೇಕು ಅನ್ನೋದೇ ಇಲ್ಲಿನ ರಾಜಕೀಯ.

ಬೆಲ್ಲಾ ಪುಟಗಟ್ಟಲೆ ಎಡ್ವರ್ಡನ ಮುಖ, ಕೂದಲು, ಮೈ ಹೊಳಪು ವರ್ಣಿಸ್ತಾಳೆ. ವಿಮರ್ಶಕರು ಅದನ್ನು ಪೇಲವ ಗದ್ಯ ಅಂತ ಆಡಿಕೊಂಡರು. ಇರಬಹುದು. ಆದರೆ ಹುಡುಗಿ ಕಣ್ತುಂಬ ನೋಡ್ತಾಳೆ, ಅವಳ ತಲೆ ಉಳಿಯುತ್ತೆ.

ಹೆಣ್ಣು ಬಯಸಿದರೆ ದೆವ್ವ

ನಮ್ಮ ಸಿನಿಮಾಗಳನ್ನು ಇದೇ ಕಣ್ಣಲ್ಲಿ ನೋಡಿ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಅನಂತನಾಗ್ ಪಾತ್ರವನ್ನು ಹೆಣ್ಣಿನ ಪ್ರೇತವೊಂದು ಹಿಡಿಯುತ್ತೆ. ಹೆಂಡತಿಯ ಭಕ್ತಿ, ರಾಯರ ಮಹಿಮೆಯಿಂದ ಅದು ಬಿಡಬೇಕು. 2004ರ ‘ಆಪ್ತಮಿತ್ರ’ದ ನಾಗವಲ್ಲಿಯ ಅಪರಾಧ ಏನು? ರಾಜನನ್ನು ಬಿಟ್ಟು ತನಗಿಷ್ಟವಾದವನನ್ನು ಪ್ರೀತಿಸಿದ್ದು. ಕೊನೆಗೆ ಮನೋವೈದ್ಯರೂ ಆಚಾರ್ಯರೂ ಸೇರಿ ಅವಳನ್ನು ಬಿಡಿಸಬೇಕು. ಗಂಡು ಸತ್ತ ಮೇಲೂ ಪ್ರೀತಿಸಿದರೆ ಅಮರ ಪ್ರೇಮಿ, ಹೆಣ್ಣು ಹಾಗೆ ಮಾಡಿದರೆ ಮೋಹಿನಿ. ಅವನಿಗೆ ಸಮಾಧಿ ಕಟ್ತೀವಿ, ಅವಳಿಗೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೀತೀವಿ.

ಈ ಲೆಕ್ಕವನ್ನು ಉಲ್ಟಾ ಮಾಡಿದ ಕನ್ನಡದ ಶ್ರೇಷ್ಠ ಅಲೌಕಿಕ ಪ್ರೇಮಕಥೆ ಗಿರೀಶ ಕಾರ್ನಾಡರ ‘ನಾಗಮಂಡಲ’. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳ ಆಧಾರದ ಮೇಲೆ ಬರೆದ ನಾಟಕ. 1997ರಲ್ಲಿ ಟಿ.ಎಸ್. ನಾಗಾಭರಣ ಸಿನಿಮಾ ಮಾಡಿದರು. ಗಂಡ ಅಪ್ಪಣ್ಣ ಹಗಲು ಬಂದು ಉಂಡು ಹೋಗ್ತಾನೆ, ರಾಣಿಯನ್ನು ಮನೆಯೊಳಗೆ ಹಾಕಿ ಬೀಗ ಜಡೀತಾನೆ. ರಾತ್ರಿ ನಾಗ ಅದೇ ಗಂಡನ ರೂಪದಲ್ಲಿ ಬಂದು ಅವಳ ಜೊತೆ ಮಾತಾಡ್ತಾನೆ, ಅವಳ ಅಪ್ಪ ಅಮ್ಮನ ಬಗ್ಗೆ ಕೇಳ್ತಾನೆ. ವಿಷದ ಹಾವಿಗೆ ಇರುವ ಮಾರ್ದವ ತಾಳಿ ಕಟ್ಟಿದವನಿಗೆ ಇಲ್ಲ. ಪಂಚಾಯ್ತಿ ಎದುರು ರಾಣಿ ಹಾವನ್ನೇ ಕೈಯಲ್ಲಿ ಹಿಡಿದು, ಗಂಡನನ್ನೂ ಈ ಹಾವನ್ನೂ ಬಿಟ್ಟು ಬೇರೆ ಯಾರನ್ನೂ ಮುಟ್ಟಿಲ್ಲ ಅಂತ ಆಣೆ ಮಾಡ್ತಾಳೆ. ಅದು ಅಕ್ಷರಶಃ ನಿಜ. ಊರು ಅವಳನ್ನು ದೇವಿ ಮಾಡಿಬಿಡುತ್ತೆ.

ಆದರೆ ಇಲ್ಲೂ ಒಂದು ಕೊರತೆ ಉಳಿಯುತ್ತೆ. ನಾಗ ತಾನು ಯಾರು ಅಂತ ಹೇಳಲೇ ಇಲ್ಲ. ರಾಣಿ ಆರಿಸಿಕೊಳ್ಳಲಿಲ್ಲ, ಅವಳಿಗೆ ಸಿಕ್ಕಿತು.

ಉಡುತಡಿಯವಳು ಆರಿಸಿಕೊಂಡಳು

ಆರಿಸಿಕೊಂಡವಳು ಉಡುತಡಿಯ ಮಹಾದೇವಿ. ಆಳುವ ಕೌಶಿಕ ಅವಳನ್ನು ಬಯಸಿದ. ಹರಿಹರನ ರಗಳೆಯ ಪ್ರಕಾರ ಷರತ್ತು ಹಾಕಿ ಮದುವೆಯಾದಳು, ಅವನು ಷರತ್ತು ಮುರಿದಾಗ ಎಲ್ಲ ಬಿಟ್ಟು ಹೊರಟಳು. ಚಾಮರಸನ ಪ್ರಕಾರ ಮದುವೆಯೇ ಆಗಲಿಲ್ಲ. ಎರಡೂ ಕಡೆ ತಿರುಳು ಒಂದೇ: ಸಾಯುವ, ಕೊಳೆಯುವ ಗಂಡಂದಿರು ನನಗೆ ಬೇಡ, ಸಾವೂ ಇಲ್ಲದ, ಕುಲವೂ ಇಲ್ಲದ ಚೆಲುವನಿಗೇ ನಾನು ಒಲಿದೆ ಅಂತ ಅವಳು ಬಹಿರಂಗವಾಗಿ ಹೇಳಿದಳು. ಹನ್ನೆರಡನೇ ಶತಮಾನದಲ್ಲಿ.

ಅಕ್ಕನ ಭಕ್ತಿಯನ್ನೂ ವ್ಯಾಂಪೈರ್ ಕಾದಂಬರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಮಾತಲ್ಲ ಇದು. ಚೆನ್ನಮಲ್ಲಿಕಾರ್ಜುನ ಅರಿವಿನ ಹೆಸರು, ಎಡ್ವರ್ಡ್ ಮಾರುಕಟ್ಟೆಯ ಸರಕು. ಆದರೆ ‘ಸಾವಿಲ್ಲದವನು ಬೇಕು’ ಅನ್ನೋ ಮಾತಿನ ಹಿಂದೆ ‘ನೀವು ಹುಡುಕಿಕೊಟ್ಟವನು ಬೇಡ’ ಅನ್ನೋ ಮಾತು ಇರುತ್ತೆ. ಅದನ್ನು ಅರ್ಥ ಮಾಡಿಕೊಳ್ಳೋಕೆ ಅಕ್ಕನಿಗಿಂತ ದೊಡ್ಡ ಸಾಕ್ಷಿ ಬೇಡ. ಇವತ್ತು ಅಕ್ಕನ ಫೋಟೊಗೆ ಹಾರ ಹಾಕುವ ಮನೆಗಳಲ್ಲೇ ಮಗಳು ‘ಈ ಸಂಬಂಧ ಬೇಡ’ ಅಂದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಅಂತರ್ಜಾತಿ ಮದುವೆ ನೂರಕ್ಕೆ ಸುಮಾರು ಐದು ಮಾತ್ರ. ಬೇರೆ ರಕ್ತದವನ ಜೊತೆ ಪ್ರೀತಿ ಅನ್ನೋದು ಅಮೆರಿಕದ ಓದುಗಳಿಗೆ ರೂಪಕ. ನಮ್ಮ ಓದುಗಳಿಗೆ ಅದು ಎಷ್ಟೋ ಸಲ ಜೀವ ಹೋಗುವ ಪ್ರಶ್ನೆ.

ಸಸ್ಯಾಹಾರಿ ವ್ಯಾಂಪೈರ್

ಹಾಗಂತ ಈ ಕಾದಂಬರಿಗಳಿಗೆ ಕ್ರಾಂತಿಯ ಬಿರುದು ಕೊಡಬೇಕಿಲ್ಲ. ಎಡ್ವರ್ಡ್ ರಾತ್ರಿ ಹುಡುಗಿಯ ಕೋಣೆಗೆ ಕೇಳದೆ ನುಗ್ಗಿ ಅವಳು ಮಲಗಿರೋದನ್ನು ನೋಡ್ತಾ ಕೂರ್ತಾನೆ. ಕಾದಂಬರಿಯಲ್ಲಿ ಅದು ಪ್ರೀತಿ, ನಮ್ಮ ಕಾನೂನಿನಲ್ಲಿ ಅಪರಾಧ. ‘ನಿನ್ನ ಒಳ್ಳೇದಕ್ಕೇ’ ಅಂತ ಅವಳ ಓಡಾಟಕ್ಕೆ ಕಡಿವಾಣ ಹಾಕ್ತಾನೆ, ಅಪ್ಪಣ್ಣನ ಬೀಗಕ್ಕೆ ರೇಷ್ಮೆ ಹೊದಿಸಿದ ಹಾಗೆ.

ಇನ್ನೂ ಸ್ವಾರಸ್ಯದ ವಿಷಯ ಇದೆ. ಎಡ್ವರ್ಡನ ಮನೆಯವರು ಮನುಷ್ಯರ ರಕ್ತ ಬಿಟ್ಟು ಪ್ರಾಣಿಗಳ ರಕ್ತ ಮಾತ್ರ ಕುಡೀತಾರೆ, ತಮ್ಮನ್ನು ತಾವೇ ‘ಸಸ್ಯಾಹಾರಿಗಳು’ ಅಂತ ತಮಾಷೆಯಾಗಿ ಕರ್ಕೊಳ್ತಾರೆ! ಬಿಳಿ ಬಣ್ಣ, ದೊಡ್ಡ ಮನೆ, ದುಬಾರಿ ಕಾರು, ಡಾಕ್ಟರ್ ಅಪ್ಪ, ಮೇಲೆ ‘ಸಸ್ಯಾಹಾರಿ’. ನಮ್ಮ ವಧೂವರರ ಜಾಹೀರಾತಿನಿಂದ ಎತ್ತಿಕೊಂಡ ಹಾಗಿದೆ ಅಲ್ವಾ? ಎದುರಾಳಿ ಜೇಕಬ್ ಯಾರು? ವಾಷಿಂಗ್ಟನ್ ರಾಜ್ಯದ ಕ್ವಿಲಿಯೂಟ್ ಅನ್ನೋ ನಿಜವಾದ ಮೂಲನಿವಾಸಿ ಸಮುದಾಯದ ಹುಡುಗ. ಅವನನ್ನು ಲೇಖಕಿ ಸಿಟ್ಟು ಬಂದರೆ ತೋಳವಾಗುವವನನ್ನಾಗಿ ಮಾಡಿದ್ದಾರೆ. ಬೆಲ್ಲಾ ಯಾರನ್ನು ಆರಿಸ್ತಾಳೆ ಅಂತ ಊಹಿಸೋದು ಕಷ್ಟವಲ್ಲ. ಗಡಿ ದಾಟಿದ ಹಾಗೆ ಕಾಣುವ ಪ್ರೇಮ ಕೊನೆಗೆ ಮೇಲ್ವರ್ಗದ ಮನೆಯ ಹೊಸ್ತಿಲಲ್ಲೇ ಅಕ್ಕಿ ಸೇರು ಒದೆಯುತ್ತೆ.

ಈ ವಿಮರ್ಶೆಯನ್ನು ಓದುಗಳಿಗೆ ಬೈಯಲು ಬಳಸಬಾರದು. ಅವಳು ದಡ್ಡಿಯಲ್ಲ, ಕಥೆ ಅಂತ ಗೊತ್ತಿದ್ದೇ ಓದ್ತಾಳೆ. ಮಚ್ಚು ಹಿಡಿದ ನಾಯಕನ ಸಿನಿಮಾಕ್ಕೆ ಶಿಳ್ಳೆ ಹೊಡೆಯುವ ಹುಡುಗನ ‘ಅಭಿರುಚಿ’ಯನ್ನು ಯಾರೂ ತನಿಖೆಗೆ ಹಾಕಲ್ಲ. ಹುಡುಗಿ ಫೋನ್ ಹಿಡಿದು ಪ್ರೇಮಕಥೆ ಓದಿದರೆ ಮಾತ್ರ ಮನೆಯಿಂದ ಹಿಡಿದು ಬೀದಿಯ ನೈತಿಕ ಪೊಲೀಸರವರೆಗೆ ಎಲ್ಲರಿಗೂ ಆತಂಕ.

ರೇಣುಕೆಗೆ ನೋಡುವ ಹಕ್ಕಿರಲಿಲ್ಲ. ರಾಣಿಗೆ ತಿಳಿಯುವ ಹಕ್ಕಿರಲಿಲ್ಲ. ಉಡುತಡಿಯವಳು ಎರಡನ್ನೂ ಪಡೆದುಕೊಳ್ಳಲು ಊರನ್ನೇ ಬಿಡಬೇಕಾಯಿತು. ಇವತ್ತು ಶಿಕಾರಿಪುರದಲ್ಲೋ ಸೊರಬದಲ್ಲೋ ಕಾಲೇಜಿಗೆ ಹೋಗುವ ಹುಡುಗಿಗೆ ಊರು ಬಿಡದೆ, ತಲೆ ಕಳೆದುಕೊಳ್ಳದೆ, ಹಗಲು ಹೊತ್ತಿನಲ್ಲೇ ‘ನನಗೆ ಇವನು ಇಷ್ಟ, ಅವನು ಬೇಡ’ ಅನ್ನಲು ಆಗುವಂತಿದ್ದರೆ, ರಾತ್ರಿ ಮಾತ್ರ ಬರುವ ಪ್ರೇಮಿಯ ಮಾರ್ಕೆಟ್ ಖಂಡಿತ ಸ್ವಲ್ಪ ಇಳಿಯುತ್ತೆ. ಅಲ್ಲಿಯವರೆಗೆ ಅವಳ ಓದನ್ನು ಗೇಲಿ ಮಾಡುವ ಬದಲು, ಅವಳಿಗೆ ಹಗಲಿನಲ್ಲಿ ಏನು ಸಿಗ್ತಿಲ್ಲ ಅಂತ ಕೇಳೋಣ.