ರಿಪನ್ ಹೋಗಿ ರಿಪ್ಪನ್ ಆದ ಪೇಟೆ

ಹೊಸನಗರ ತಾಲ್ಲೂಕಿನ ರಿಪ್ಪನ್‌ಪೇಟೆಯ ಹೆಸರಿನಲ್ಲಿ ಇಂಗ್ಲೆಂಡಿನ ಊರೊಂದು ಅಡಗಿದೆ. 1880ರಿಂದ 1884ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪನ್ನನ ಹೆಸರು ಈ ಪೇಟೆಯದು. ಅವನ ಬಿರುದಿಗೆ ಮೂಲ ಯಾರ್ಕ್‌ಶೈರಿನ ಪುಟ್ಟ ಪಟ್ಟಣ ರಿಪನ್. ಅಲ್ಲಿಯ ಸಂತೆಚೌಕದಲ್ಲಿ ಇಂದಿಗೂ ರಾತ್ರಿ ಒಂಬತ್ತಕ್ಕೆ ಕೊಂಬು ಊದುತ್ತಾರೆ.

ಮೈಸೂರಿಗೆ ಈ ವೈಸರಾಯನನ್ನು ನೆನೆಯಲು ಕಾರಣವಿತ್ತು. ಐವತ್ತು ವರ್ಷ ಕಮಿಷನರುಗಳ ಕೈಯಲ್ಲಿದ್ದ ರಾಜ್ಯ 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ಮರಳಿದ್ದು ಇವನ ಕಾಲದಲ್ಲೇ.

ಆದರೆ ಪೇಟೆ ಬೆಳೆದದ್ದು ಲಾಟಸಾಹೇಬರ ಹೆಸರಿನಿಂದಲ್ಲ, ಕೂಡುರಸ್ತೆಯಿಂದ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿಯ ದಾರಿಗಳು ಇಲ್ಲಿ ಸೇರುತ್ತವೆ. ತೀರ್ಥಹಳ್ಳಿಯ ದಾರಿ ಹಿಡಿದರೆ ಸಾಂತರರ ಹುಂಚ. ಅಲ್ಲಿಯ ಪಂಚಕೂಟ ಬಸದಿ 1077ರದು. ಅದರ ಮುಂದೆ ರಿಪನ್ ನಿನ್ನೆ ಮೊನ್ನೆಯವನು. ಅವನ ಹೆಸರಿಗೂ ಮಲೆನಾಡಿನ ನಾಲಗೆ ಇನ್ನೊಂದು ‘ಪ’ ಸೇರಿಸಿಕೊಂಡಿತು. ಹೋಬಳಿ ಮಾತ್ರ ಈಗಲೂ ಕೆರೆಹಳ್ಳಿ.