ಟೆಲಿಸ್ಕೋಪ್ ಬೇಡ, ಕೋಲು ಸಾಕು

ಬಾಹ್ಯಾಕಾಶದ ಆಸಕ್ತರು ಊರಲ್ಲಿ ಗುಂಪು ಕಟ್ಟಿದರೆ ಮೊದಲು ಮಾಡಬೇಕಾದ್ದು ಟೆಲಿಸ್ಕೋಪ್ ಖರೀದಿಯಲ್ಲ, ಜೊತೆಗೂಡಿ ಅಳೆಯುವುದು. ಏಪ್ರಿಲ್ 24ರ ಆಸುಪಾಸು, ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ, ಬೆಂಗಳೂರಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಇದು ಶೂನ್ಯ ನೆರಳಿನ ದಿನ. ಅದೇ ಹೊತ್ತಿಗೆ, ಹೆಚ್ಚುಕಡಿಮೆ ನೇರ ಉತ್ತರಕ್ಕೆ, 550 ಕಿ.ಮೀ. ಆಚೆಗಿನ ಬೀದರ್‌ನಲ್ಲಿ ಒಂದು ಮೀಟರ್ ಕೋಲಿಗೆ ಎಂಟೂವರೆ ಸೆಂಟಿಮೀಟರ್‌ನಷ್ಟು ನೆರಳು ಉಳಿದಿರುತ್ತದೆ. ಅಂದರೆ ಸೂರ್ಯ ಅಲ್ಲಿ ಸುಮಾರು 5 ಡಿಗ್ರಿ ಓರೆ. 5 ಡಿಗ್ರಿಗೆ 550 ಕಿ.ಮೀ. ಆದರೆ 360 ಡಿಗ್ರಿಗೆ? ಹತ್ತಿರ ಹತ್ತಿರ 40,000 ಕಿ.ಮೀ. ಅದೇ ಭೂಮಿಯ ಸುತ್ತಳತೆ! ಎರಡು ಸಾವಿರ ವರ್ಷಕ್ಕೂ ಹಿಂದೆ ಈಜಿಪ್ಟಿನಲ್ಲಿ ಎರಟೋಸ್ತನೀಸ್ ಹಿಡಿದ ದಾರಿಯೂ ಇದೇ. ಇದಕ್ಕೆ ಎರಡು ಊರಿನ ಜನ ಕೈಜೋಡಿಸಲೇಬೇಕು.

ಗೊತ್ತಿರುವ ಉತ್ತರವನ್ನೇ ಮತ್ತೆ ಅಳೆದು ಏನು ಪ್ರಯೋಜನ ಎಂದು ಕೇಳಬಹುದು. ಪುಸ್ತಕದ ಸಂಖ್ಯೆಯನ್ನು ನಂಬುವುದು ಬೇರೆ, ಅದನ್ನು ಸ್ವತಃ ಪರೀಕ್ಷಿಸುವುದು ಬೇರೆ. ಉತ್ತರ ತಪ್ಪಿದಾಗ ಕೋಲು ವಾಲಿತ್ತೇ, ನೆಲ ಇಳಿಜಾರಿತ್ತೇ, ಸಮಯ ತಪ್ಪಿತೇ ಎಂದು ಹುಡುಕುವ ಅಭ್ಯಾಸವೇ ವಿಜ್ಞಾನ. ರಾಕೆಟ್ ಹಾರಿಸುವವರಿಗೂ ಬೇಕಾದ್ದು ಅದೇ. ನಗರದ ಬೆಳಕಿನಲ್ಲಿ ಆಕಾಶ ಕಾಣುವುದಿಲ್ಲ ಎಂಬ ಮಾತಿನಲ್ಲೂ ಅರ್ಧ ಸತ್ಯವಷ್ಟೇ ಇದೆ. ಮಂಕು ನಕ್ಷತ್ರಗಳು ಅಳಿಸಿಹೋಗುತ್ತವೆ, ನಿಜ. ಆದರೆ ಚಂದ್ರನ ಕುಳಿಗಳು ಮತ್ತು ಗುರುಗ್ರಹದ ದೊಡ್ಡ ಉಪಗ್ರಹಗಳು ಅಲುಗದಂತೆ ಹಿಡಿದ ಬೈನಾಕ್ಯುಲರ್‌ಗೂ ಸಿಗುತ್ತವೆ. ನೆರಳಿನ ಪ್ರಯೋಗವಂತೂ ಹಗಲಿನದ್ದೇ.

ಹಾಗಾಗಿ ಮುಂದಿನ ಏಪ್ರಿಲ್‌ಗೆ ದೂರದ ಊರಿನ ಒಂದು ಶಾಲೆಯನ್ನು ಈಗಲೇ ಜೊತೆ ಮಾಡಿಕೊಳ್ಳಿ. ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡಿ, ನೆರಳನ್ನು ಅಳೆಯಿರಿ.